ಕುರಿಗಾರನ ದೆವ್ವಕ್ಕೆ ಸಾಕ್ಷಿ ಬರೆದದ್ದು

ಮಾಸ್ತರರು ದೆವ್ವದ ವಿಚಾರಣೆಗೆ ಕೂತಾಗ ದೆವ್ವ ಎಂಬ ಶಬ್ದವನ್ನೇ ಎತ್ತುತ್ತಿರಲಿಲ್ಲ. "ಅವತ್ತು ಮನ್ಯಾಗ ಏನು ಅಡಗಿ ಮಾಡಿದ್ರಿ?" ಎಂದು ಶುರು ಮಾಡುವರು. ಅಡಿಗೆಯಿಂದ ನೀರಿಗೆ, ನೀರಿನಿಂದ ಬಾವಿಯ ದಾರಿಗೆ, ದಾರಿಯಿಂದ ಬಿಸಿಲು ಯಾವ ಗೋಡೆಯ ಮೇಲಿತ್ತು ಎಂಬುದಕ್ಕೆ. ಕಂಡದ್ದರ ಮಾತು ತಾನಾಗಿ ಬರಬೇಕು, ನಾವದನ್ನು ಅವರ ಬಾಯಲ್ಲಿ ಇಡಬಾರದು ಎಂಬುದು ಅವರ ಕಾಯಿದೆ. ಗಂಡಸರನ್ನು ಅವರು ಕೇಳುವರು, ಹೆಂಗಸರನ್ನು ನಾನು. ಹಳ್ಳಿಯ ಹೆಣ್ಣುಮಕ್ಕಳು ಪರ ಗಂಡಸಿನ ಮುಂದೆ ಸೆರಗು ಕಚ್ಚಿಕೊಂಡು ನಿಂತಾರೇ ಹೊರತು ಮಾತಾಡುವುದಿಲ್ಲ. ಅದಕ್ಕೇ ಭಾಲ್ಕಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತಿದ್ದ ನನ್ನನ್ನು ಸೂಟಿಯ ದಿನಗಳಲ್ಲಿ ಕರೆದೊಯ್ಯುತ್ತಿದ್ದರು.

ಅವರು ಬೀದರಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಚೌಬಾರ ಗೋಪುರದ ಹಿಂದಿನ ಓಣಿಯಲ್ಲಿ ಮನೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಬರೆಯುತ್ತಿದ್ದರು. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳಿಕೆ ಹೋದ ಮೇಲೆ ಕನ್ನಡದಲ್ಲೇ ಬರೆಯಬೇಕೆಂಬ ಹಟ ಬಂತು. ಅವರ ಕನ್ನಡ ತಿದ್ದುವುದೂ ನನ್ನ ಪಾಲಿಗೇ. ಬರೆದದ್ದನ್ನೆಲ್ಲ ಮೂರು ರುಮಾಲುಗಳಲ್ಲಿ ಕಟ್ಟಿಡುತ್ತಿದ್ದರು. ಒಬ್ಬರು ಹೇಳಿ ಇನ್ನೊಬ್ಬರು ಕೇಳಿದ ಕಥೆಗಳಿಗೆ ‘ಕೇಳಿದ್ದು’. ಕಣ್ಣಾರೆ ಕಂಡವರಿದ್ದು, ಆಮೇಲೆ ಕಾರಣ ಗೊತ್ತಾದವಕ್ಕೆ ‘ಕಂಡದ್ದು’. ಎಷ್ಟು ಉಜ್ಜಿದರೂ ಹೋಗದೆ ಕೂತವಕ್ಕೆ ‘ಉಳಿದದ್ದು’. ಮೊದಲ ಎರಡು ಗಂಟುಗಳು ಅಲಮಾರಿಯಲ್ಲಿ ಹಿಡಿಯುತ್ತಿರಲಿಲ್ಲ. ಮೂರನೆಯದು ಮಡಿಚಿಟ್ಟ ಖಾಲಿ ರುಮಾಲು.

"ನೀವು ನಂಬ್ತೀರೇನ್ರಿ ಮಾಸ್ತರ?" ಎಂದು ನಾನೊಮ್ಮೆ ಕೇಳಿದ್ದೆ.

"ನಮ್ಮವ್ವ ತೀರಿಕೊಂಡ ಮರುವರ್ಷ ನನ್ನ ಹೆಸರು ಹಿಡಿದು ಕರದಳ್ರಿ ಅಕ್ಕೋರೆ. ನಾ ಓ ಅಂದೆ. ನಾ ಓ ಅಂದದ್ದಂತೂ ಖರೆ. ಆಕಿ ಕರದದ್ದು ಖರೇನೋ ಏನೋ, ಅದನ್ನ ನೋಡ್ಲಾಕ ಹತ್ತೇನಿ" ಎಂದರು. ಆ ಮಾತು ನಾವು ಮತ್ತೆ ಎತ್ತಲಿಲ್ಲ.

ಪೊಲೀಸ್ ಆಕ್ಷನ್ ಆಗಿ ಒಂದೆರಡು ಚಳಿಗಾಲ ಕಳೆದಿದ್ದವು. ಆದರೂ ಜನರ ಎದೆಯಿಂದ ಪುಕುಪುಕು ಹೋಗಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಉತ್ತರಕ್ಕೆ ಮುಂಚೆ ‘ಇವರಿಗೆ ಯಾಕ ಬೇಕು’ ಎಂಬ ನೋಟ ಬರುತ್ತಿತ್ತು. ನಾವೋ ಊರೂರು ತಿರುಗಿ ಸತ್ತವರ ಸುದ್ದಿ ಕೇಳುವವರು. ಒಂದೂರಿನಲ್ಲಿ ನಮ್ಮನ್ನು ಸರಕಾರದ ಗುಪ್ತಚರರೆಂದರು, ಇನ್ನೊಂದೂರಿನಲ್ಲಿ ಹೂತಿಟ್ಟ ಬಂಗಾರ ಹುಡುಕುವವರೆಂದರು.

ಅಂಥ ದಿನಗಳಲ್ಲಿ ಔರಾದಿನಿಂದಾಚೆ ಗಡಿಯ ಕಡೆಯ ಹಳ್ಳಿಯೊಂದರ ಕುರಿಗಾರ ಬೀದರಿಗೆ ಹೋಗಿ, ಮಾಸ್ತರರನ್ನು ರೈಲಿನಲ್ಲಿ ಕೂಡಿಸಿಕೊಂಡು, ಭಾಲ್ಕಿಯ ನಮ್ಮ ಮನೆಗೆ ಬಂದ. ಮೂವತ್ತರ ಒಳಗಿನ ಗಂಡಸು. ಪಡಸಾಲೆಯಲ್ಲಿ ಕೂತವನು ತಾಟಿನ ಉಪ್ಪಿಟ್ಟು ಮುಟ್ಟಲಿಲ್ಲ.

ಅವನ ಅಣ್ಣ ಪೊಲೀಸ್ ಆಕ್ಷನ್ನಿನ ಗದ್ದಲ ಇಳಿಯುವ ಹೊತ್ತಿಗೆ ಊರು ಬಿಟ್ಟು ಹೋದವನು ತಿರುಗಿ ಬಂದಿರಲಿಲ್ಲ. ಅವನ ಮೇಲೆ ದರೋಡೆಯ ಕೇಸಿತ್ತು. ರಜಾಕಾರರ ಮೇಲೆ ಹೋರಾಡಿದ ಗಡಿಯಾಚೆಯ ಕ್ಯಾಂಪಿನವರು ಬಿಟ್ಟುಹೋದ ಬಂದೂಕು ಅವನ ಹಟ್ಟಿಯಲ್ಲಿತ್ತಂತೆ. ಸಾಹುಕಾರನೊಬ್ಬನ ಮನೆ ಲೂಟಿಯಾದಾಗ ಬಂದೂಕಿದ್ದವನೇ ಮಾಡಿದ್ದು ಎಂದರಂತೆ. ಈಗ ಅವನ ದೆವ್ವ ಊರಿನ ಬಾವಿಯ ದಾರಿಯಲ್ಲಿ ಮೂರು ಮಂದಿಗೆ ಕಂಡಿದೆ.

"ಅಣ್ಣ ಸತ್ತಾನ್ರಿ. ಸಾಯದ ದೆವ್ವ ಹ್ಯಾಂಗ ಆಗ್ತಾನ?" ಎಂದ ತಮ್ಮ. "ಪಂಚರು ಅಂತಾರ, ಹೆಣ ಸಿಕ್ಕಿಲ್ಲ, ಹನ್ನೆರಡು ವರ್ಷ ಕಾಯಬೇಕು ಅಂತ. ಬೀದರಿನ ಮಾಸ್ತರರು ಬಂದು ಅದು ದೆವ್ವ ಹೌದು ಅಂದ್ರ ಈಗಲೇ ಕರ್ಮ ಮಾಡ್ಲಿಕ್ಕ ಬಿಡ್ತೇವಿ ಅಂತಾರ. ನಮ್ಮ ವೈನಿ ಎಷ್ಟು ದಿನ ಹಿಂಗ ನಡುವ ಕೂಡ್ಬೇಕ್ರಿ?"

ನನಗೆ ಅವನ ಕಣ್ಣು ಹಿಡಿಸಲಿಲ್ಲ. ಅಣ್ಣ ಸತ್ತನೆಂದು ಪಂಚರು ಒಪ್ಪಿದರೆ, ಮಕ್ಕಳಿಲ್ಲದ ಅತ್ತಿಗೆಯ ಹೊಲ ಯಾರಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಲು ಸಾಲಿ ಕಲಿಯಬೇಕಾಗಿರಲಿಲ್ಲ.

ಬೇಳೆಯ ಅಂಗಡಿಗೆ ಹೊರಟಿದ್ದ ನಮ್ಮ ಯಜಮಾನರು ಚಪ್ಪಲಿ ಮೆಟ್ಟುತ್ತ, "ಸತ್ತವರ ಖಬರು ಬರಕೊಳ್ಳಲಾಕ ಹೊಂಟಿ. ಬದುಕಿದ್ದವಗ ರೊಟ್ಟಿ ಯಾರು ಬಡೀಬೇಕು?" ಎಂದರು. ರೊಟ್ಟಿ ಬಡಿದಿಟ್ಟೇ ಹೊರಟೆ. ಕಟಿ ರೊಟ್ಟಿ, ಶೇಂಗಾ ಹಿಂಡಿ ನಮ್ಮ ಬುತ್ತಿಗೂ ಕಟ್ಟಿಕೊಂಡೆ.

ಔರಾದ ತನಕ ಮೋಟಾರು, ಅಲ್ಲಿಂದ ಗಾಡಿ. ಊರ ಚಾವಡಿಯಲ್ಲಿ ನಮಗಿಂತ ಮೊದಲೇ ಒಬ್ಬ ಪೊಲೀಸ್ ಜಮಾದಾರ ಬಂದು ಕೂತಿದ್ದ. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ.

"ಬರ್ರಿ ಮಾಸ್ತರಸಾಬ್," ಎಂದ. "ನಿಮ್ಮ ಕೆಲಸ ನೀವು ಮಾಡ್ರಿ, ನನ್ನದು ಏನೂ ಅಡ್ಡಿ ಇಲ್ಲ. ದೆವ್ವಕ್ಕ ಬೇಡಿ ಹಾಕಲಾಕ ಬರೂದಿಲ್ಲ. ಸತ್ತಾನ ಅಂತ ಊರು ಒಪ್ಪಿದ್ರ ನಾನೂ ಕೇಸು ಮುಚ್ಚಿ ಆರಾಮ ಆಗ್ತೇನಿ." ನಕ್ಕ. ಊರಿನವರು ಯಾರೂ ನಗಲಿಲ್ಲ.

ಮಾಸ್ತರರ ಪದ್ಧತಿಯಂತೆ ಕಂಡವರನ್ನು ಬೇರೆ ಬೇರೆ ಮನೆಗಳಲ್ಲಿ ಕೂಡಿಸಿದೆವು. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಹೊರಗೆ ಬರುವಂತಿಲ್ಲ. ಒಬ್ಬ ರೈತನ ಹೇಳಿಕೆ ಅವರು ತೆಗೆದುಕೊಂಡರು. ನನ್ನ ಪಾಲಿಗೆ ನೀರಿಗೆ ಹೋಗಿದ್ದ ಒಬ್ಬ ಸೊಸೆ, ಮತ್ತು ಕುರಿಗಾರರ ಪಕ್ಕದ ಮನೆಯ ಒಬ್ಬ ಮುದುಕಿ.

ಮುದುಕಿ ಬಲು ಖಟ್ಟಿ. ಅಡಿಗೆ ಏನು ಮಾಡಿದ್ದಿ ಎಂದರೆ, "ಪುಂಡಿಪಲ್ಯ. ಯಾಕ, ನಿನಗೂ ಹಾಕಲೇನು?" ಎಂದಳು. ಆಮೇಲೆ ಹೇಳಿದ್ದಿಷ್ಟು: ಹೊತ್ತು ಇಳಿದಿತ್ತು. ಬಾವಿಯ ಕಡೆಯಿಂದ ಅವನು ಬಂದ. ಎಡಗಾಲು ಎಳೆಯುತ್ತ ನಡೆಯುವ ನಡಿಗೆ ಅವನದೇ. ತಲೆಯ ಮೇಲಿಂದ ಕಂಬಳಿ. ಆದರೆ ಆ ಕಂಬಳಿ ಮೈಗೆ ಹತ್ತಿರಲಿಲ್ಲ. "ಒಳಗ ಮೈಯೇ ಇಲ್ಲವ್ವ. ಕಂಬಳಿ ಅಷ್ಟೇ ಡೇರೆ ಹಂಗ ನಿಂತು ನಡೀತಿತ್ತು. ಗಾಳಿ ಬೀಸಿದ್ರೂ ಅಂಚು ಅಲುಗಲಿಲ್ಲ."

ಸೊಸೆಯೂ ಅದನ್ನೇ ಹೇಳಿದಳು. ಸಂಜೆ ಮಾಸ್ತರರು ರೈತನ ಹೇಳಿಕೆ ಓದಿದರು: ನಿಂತ ಕಂಬಳಿ, ಅಲುಗದ ಅಂಚು, ಎಳೆಯುವ ಎಡಗಾಲು. ಓದುವಾಗ ಅವರ ದನಿ ಸ್ವಲ್ಪ ನಡುಗಿತು. "ಅಕ್ಕೋರೆ, ಸುಳ್ಳು ಹೇಳೋರು ಕಣ್ಣು ಕೆಂಡದಂಗ ಇದ್ದವು ಅಂತಾರ, ಕಾಲು ಹಿಂದಮುಂದ ಇದ್ದವು ಅಂತಾರ. ಅಂಚು ಅಲುಗಲಿಲ್ಲ ಅಂತ ಯಾರು ಹುಟ್ಟಿಸಿ ಹೇಳ್ತಾರ್ರಿ?"

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಹೆಚ್ಚು ಅನುಮಾನ. ನಾನು ತರಗತಿಯಲ್ಲಿ ಲೆಕ್ಕ ತಿದ್ದುವವಳು. ಮೂವರ ಉತ್ತರ ಸರಿಯಾಗಿದ್ದರೆ ಸಂತೋಷ, ಮೂವರ ದಾರಿಯೂ ಒಂದೇ ಆಗಿದ್ದರೆ ಮೂವರನ್ನೂ ಎಬ್ಬಿಸಿ ನಿಲ್ಲಿಸುತ್ತೇನೆ.

ಮರುದಿನ ಪರೀಕ್ಷೆಗಳು. ಮಾಸ್ತರರು ಹಿಂದಿನ ರಾತ್ರಿಯೇ ಬಾವಿಯ ದಾರಿಗೆ ಅಡ್ಡಲಾಗಿ ಸೋಸಿದ ಬೂದಿ ಹರಡಿಸಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ ಅದರ ಮೇಲೆ ಕುರಿಗಳ ಗೊರಸು ಬಿಟ್ಟರೆ ಏನಿಲ್ಲ. ತಮ್ಮ ಆ ನಸುಕಿನಲ್ಲೇ, ತಾನು ಬದುವಿನ ಮೇಲೆ ನಡೆದು, ಹಿಂಡನ್ನು ಆ ದಾರಿಯಲ್ಲಿ ಹೊಡೆದುಕೊಂಡು ಹೋಗಿದ್ದ.

"ದಿನಾ ಇದೇ ದಾರಿ ಏನು?" ಎಂದು ನಾನು ಕೇಳಿದೆ.

"ಕುರಿ ಅವ್ರಿ. ಅವು ಹೋದದ್ದೇ ದಾರಿ," ಎಂದ ಅವನು, ನನ್ನ ಮುಖ ನೋಡದೆ.

ಸಂಜೆ, ಅದೇ ಹೊತ್ತಿಗೆ, ಮನೆಯ ಹಳೆಯ ಕಂಬಳಿಯೊಂದನ್ನು ತಮ್ಮನಿಗೆ ಹೊದಿಸಿ ಆ ದಾರಿಯಲ್ಲಿ ನಡೆಸಿದರು. ನಾನು ಸೊಸೆಯ ಜೊತೆ ಅವಳು ನಿಂತಿದ್ದ ಜಾಗದಲ್ಲೇ ನಿಂತೆ. ಕಂಬಳಿ ಅವನ ಹೆಗಲಿಗೆ, ಬೆನ್ನಿಗೆ ಅಂಟಿಕೊಂಡು ಹೆಜ್ಜೆಹೆಜ್ಜೆಗೂ ಮಡಿಕೆ ಬೀಳುತ್ತಿತ್ತು. "ಹಿಂಗಲ್ರಿ," ಎಂದಳು ಹುಡುಗಿ ತಕ್ಷಣ. "ಇದರಾಗ ಮನುಷ್ಯಾ ಅದಾನ ಅಂತ ಕಾಣಸ್ತದ." ಮಾಸ್ತರರು ಅದನ್ನು ಬರೆದುಕೊಂಡು, ಆ ಸಂಜೆ ಊಟಕ್ಕೆ ಎದ್ದೇಳಲಿಲ್ಲ. ಅವರ ಖಾಲಿ ರುಮಾಲಿಗೆ ಕೊನೆಗೂ ಏನೋ ಬರುವ ಹಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ನಾನು ಕಾಣೆಯಾದವನ ಹೆಂಡತಿಯ ಹೇಳಿಕೆಗೆ ಹೋದೆ. ಅವಳನ್ನು ಕೊನೆಗೆ ಇಟ್ಟಿದ್ದೆವು, ಹತ್ತಿರದವರನ್ನು ಕೊನೆಗೇ ಕೇಳಬೇಕು ಎಂಬುದು ಪದ್ಧತಿ. ಗಟ್ಟಿ ಮೂಳೆಯ, ಕಡಿಮೆ ಮಾತಿನ ಹೆಣ್ಣು. ಎರಡೂ ಕೈ ತುಂಬ ಹಸಿರು ಬಳೆ. ಆ ಮನೆಯಲ್ಲಿ ಉಣ್ಣೆ ನೂಲುವುದು, ಕಂಬಳಿ ನೇಯುವುದು ಹಿಂದಿನಿಂದ ಬಂದ ಕೆಲಸ. ಅಂಗಳದಲ್ಲಿ ಹುಣಸೆಬೀಜ ಅರೆದು ಕುದಿಸಿದ ಗಂಜಿಯ ಗಡಿಗೆ ಇತ್ತು. ನೇಯ್ದ ಕಂಬಳಿಗೆ ಆ ಗಂಜಿ ಸವರಿ ಬಿಸಿಲಿಗೆ ಹಾಕಿದ್ದರು.

ಗಾಳಿ ಚಳಿ ಇತ್ತು. ನನ್ನ ಸೀರೆ ತೆಳುವಾದದ್ದು. ನಾನು ಮುದುಡಿಕೊಂಡದ್ದು ನೋಡಿ, "ಹೊದ್ಕೋರಿ ಅಕ್ಕೋರೆ, ಥಂಡಿ ಅದ" ಎಂದು ಹಗ್ಗದ ಮೇಲಿನ ಒಂದು ಹೊಸ ಕಂಬಳಿ ತೆಗೆದು ನನ್ನ ತಲೆಯ ಮೇಲಿಂದ ಹೊದಿಸಿದಳು.

ಗಂಜಿ ಕುಡಿದು ಒಣಗಿದ ಕಂಬಳಿ ಹಲಗೆಯಾಗಿತ್ತು. ನನ್ನ ಹೆಗಲಿಗೆ ತಾಗಿತಷ್ಟೆ, ಅಲ್ಲಿಂದ ಕೆಳಗೆ ನನ್ನನ್ನು ಬಿಟ್ಟು ತಾನೇ ನಿಂತಿತು. ಎದುರಿನ ಮಣ್ಣಿನ ಗೋಡೆಯ ಮೇಲೆ ನನ್ನ ನೆರಳು ಬಿದ್ದಿತ್ತು. ಡೇರೆ. ಒಳಗೆ ಯಾರೂ ಇಲ್ಲದ ಹಾಗೆ. ಗಾಳಿ ಬೀಸಿತು. ಅಂಚು ಅಲುಗಲಿಲ್ಲ.

ನಾನು ನೆರಳನ್ನು ನೋಡಿದೆ. ನಾನು ನೋಡುತ್ತಿರುವುದನ್ನು ಅವಳು ನೋಡಿದಳು. ಗಂಜಿಯ ಗಡಿಗೆಯ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು.

ನಾನು ಏನೂ ಕೇಳಲಿಲ್ಲ. ಅಷ್ಟು ವರ್ಷಗಳಲ್ಲಿ ಮಾಸ್ತರರಿಂದ ಕಲಿತದ್ದು ಅದೊಂದೇ: ಸುಮ್ಮನೆ ಕೂಡುವುದು.

"ಥಂಡಿ ಭಾಳ ಬಿದ್ದಿತ್ರಿ," ಎಂದಳು. "ನಾನೇ ಕೊಟ್ಟೆ. ತೊಳದು, ತುಳದು, ಮೆತ್ತಗ ಮಾಡಿ ಕೊಡಬೇಕಿತ್ತು. ಅಷ್ಟು ಹೊತ್ತು ಎಲ್ಲಿತ್ರಿ? ಬಂದವ ನಿಂತೇ ಉಂಡು ಹೋದ."

"ಬದುಕ್ಯಾನ?"

"ಬದುಕ್ಯಾನ್ರಿ. ನಾಲ್ಕು ಸಲ ಬಂದಾನ."

"ದರೋಡಿ ಅವನೇ ಮಾಡ್ಯಾನೇನು?"

"ಬಂದೂಕು ಇತ್ರಿ, ಇಲ್ಲ ಅನ್ನೂದಿಲ್ಲ. ದರೋಡಿ ಅವ ಮಾಡಿಲ್ಲ. ನಾ ಅಂದ್ರ ಯಾರು ಕೇಳ್ತಾರ?"

ನಾನು ನಂಬಿದೆನೇ? ಆಗ ಗೊತ್ತಾಗಲಿಲ್ಲ, ಈಗಲೂ ಖಾತ್ರಿಯಿಲ್ಲ. ನನ್ನ ಎದುರಿಗೆ ಕೂತಿದ್ದದ್ದು ಅವನಲ್ಲ, ಅವಳು.

ಅವಳು ತಾನಾಗಿಯೇ ಹೇಳುತ್ತ ಹೋದಳು. ಅವನು ಬದುಕಿದ್ದಾನೆಂಬ ಅನುಮಾನ ಜಮಾದಾರನಿಗೆ ಇರುವ ತನಕ ಅವಳ ಹಿಂದೆ ಕಣ್ಣು ಇರುತ್ತದೆ. ತವರು ಗಡಿಯ ಆಚೆ. ಅವಳು ತವರಿಗೆ ಹೊರಟರೂ ಒಬ್ಬ ಸಿಪಾಯಿ ಗಾಡಿಯ ಹಿಂದೆ ಬರುತ್ತಾನೆ. ಇವತ್ತಲ್ಲ ನಾಳೆ ಗಂಡ ಮನೆಗೆ ಬಂದಾಗ ಹಿಡಿಯುತ್ತಾರೆ. ಗಂಡ ಸತ್ತವಳನ್ನು ಯಾರು ಕಾಯುತ್ತಾರೆ? ತವರಿಗೆ ಹೋದಳು ಎಂದು ಊರು ಮರೆಯುತ್ತದೆ. ಅಲ್ಲಿಂದ ಮುಂದೆ ಅವನು ಕರೆದಲ್ಲಿಗೆ.

"ನಿನ್ನ ಮೈದುನಗ ಗೊತ್ತದ?"

"ಅವ ಕೆಟ್ಟವ ಅಲ್ಲ, ಒಳ್ಳೆಯವನೂ ಅಲ್ಲ. ಹೊಲ ಸಿಕ್ಕರ ಸುಮ್ಮನಿರ್ತಾನ." ಆಮೇಲೆ ನನ್ನ ಕಡೆ ತಿರುಗಿ, "ದೆವ್ವ ಅಂತಲೇ ಬರೀರಿ ಅಕ್ಕೋರೆ. ಸತ್ತಾನ ಅಂತ ಬರೀರಿ" ಎಂದಳು.

ಮಾಸ್ತರರು ನಾವು ಇಳಿದಿದ್ದ ಮಠದ ಕಟ್ಟೆಯ ಮೇಲೆ ದಾರಿಯ ನಕ್ಷೆ ಬರೆಯುತ್ತ ಕೂತಿದ್ದರು. ನಾನು ಮಾತಾಡದೆ, ಅವಳಿಂದ ತಂದ ಹೊಸ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದುಕೊಂಡು ಅವರ ಮುಂದೆ ನಿಂತೆ. ಅವರು ಪೆನ್ಸಿಲು ಕೆಳಗಿಟ್ಟರು. ಎದ್ದು ಬಂದು ಕಂಬಳಿಯ ಅಂಚನ್ನು ಬೆರಳಿನಿಂದ ತಟ್ಟಿ ನೋಡಿದರು. ಅದು ಟಪ್ ಎಂದಿತು.

ನಾನು ಎಲ್ಲ ಹೇಳಿದೆ. ಅವರಿಗೆ ಬೇಸರವಾಗುತ್ತದೆಂದು ಅಂದುಕೊಂಡಿದ್ದೆ. ಅವರು ಬೇರೆಯೇ ಕಡೆ ನೋಡುತ್ತಿದ್ದರು.

"ಅಕ್ಕೋರೆ, ನಮಗ ಇದು ಇವತ್ತು ತಿಳೀತು. ನಾವು ಪ್ಯಾಟಿ ಮಂದಿ. ಹುಟ್ಟಾ ಕಂಬಳಿಯೊಳಗ ಬೆಳದವರು ಇವರು. ಆ ಮುದುಕಿಗೆ ಹೊಸ ಕಂಬಳಿ ಹ್ಯಾಂಗ ನಿಲ್ತದ ಅಂತ ಗೊತ್ತಿಲ್ಲೇನು?"

ನಾನು ಕಂಬಳಿ ತೆಗೆದು ಕೆಳಗಿಟ್ಟೆ. ಮೂರು ಮಂದಿ ಕಂಡದ್ದು ಜೀವಂತ ಮನುಷ್ಯನನ್ನು, ಮೂವರಿಗೂ ಅದು ಗೊತ್ತಿತ್ತು. ಕಂಡದ್ದನ್ನೇ ಒಂದು ಎಳೆ ಸುಳ್ಳಿಲ್ಲದೆ ಹೇಳಿದ್ದರು. ಒಳಗೆ ಮೈ ಇರಲಿಲ್ಲ ಎಂಬುದೊಂದನ್ನು ಮಾತ್ರ ಸೇರಿಸಿದ್ದರು. ಊರೇ ಕೂಡಿ ಮಾಸ್ತರರನ್ನು ಮುದ್ರೆ ಒತ್ತಲು ಕರೆಸಿತ್ತು. ಅವರು ಸುಳ್ಳು ಬರೆಯುವವರಲ್ಲ ಎಂಬ ಹೆಸರು ಇದ್ದುದಕ್ಕೇ ಕರೆಸಿತ್ತು.

"ಏನೂ ತಿಳೀಲಿಲ್ಲ ಅಂತ ಬರದು ಹೋಗೋಣ್ರಿ," ಎಂದೆ. "ಅದು ಸುಳ್ಳೂ ಆಗೂದಿಲ್ಲ, ಯಾರಿಗೂ ಕೇಡೂ ಇಲ್ಲ."

"ಕೇಡು ಅದ. ತಿಳೀಲಿಲ್ಲ ಅಂದ್ರ ಜಮಾದಾರ ಇಲ್ಲೇ ಕೂಡ್ತಾನ." ನಕ್ಷೆಯನ್ನು ಮಡಿಚಿದರು, ಬಿಚ್ಚಿದರು. "ನಾ ಇಲ್ಲೀತನ ಬರದದ್ದರಾಗ ತಪ್ಪು ಇರಬಹುದು. ಗೊತ್ತಿದ್ದು ತಪ್ಪು ಬರದಿಲ್ಲ." ಪೆನ್ಸಿಲು ಮತ್ತೆ ಕೈಗೆತ್ತಿಕೊಂಡು, "ಆಕಿನ್ನ ಇನ್ನೊಂದು ಸಲ ಕೇಳ್ರಿ. ಮೊದಲು ಕೇಳಿದ್ದು ಕಡೀಕ, ಕಡೀಕ ಕೇಳಿದ್ದು ಮೊದಲು. ಮಾತು ಬದಲಾದ್ರ ನಾವು ಇವತ್ತೇ ಗಾಡಿ ಕಟ್ಟಸೋಣ."

ಮತ್ತೆ ಹೋದೆ. ನನಗೂ ಅವಳ ಮಾತು ಬದಲಾಗಲಿ ಎಂದೇ ಇತ್ತು.

"ಹೊಲ ಕೈ ಬಿಡ್ತದ," ಎಂದೆ.

"ಬಿಡ್ಲಿ."

"ಲಗ್ನ, ಕುಬಸ ಯಾವುದಕ್ಕೂ ಕರಿಯೂದಿಲ್ಲ. ನಿನ್ನ ಮಾರಿ ಎದುರು ಬಂದ್ರ ಮಂದಿ ತಿರುಗಿ ಹೋಗ್ತಾರ."

"ತಿರುಗ್ಲಿ."

"ಬಳಿ ಒಡೀತಾರ. ಗಂಡ ಬದುಕಿದ್ದಾಗಲೇ."

ಅವಳು ಬಳೆಗಳನ್ನು ಒಮ್ಮೆ ಮೇಲೆ ಸರಿಸಿದಳು. "ಬಳಿ ಇರಬೇಕೋ ಅವ ಇರಬೇಕೋ ಅಂದ್ರ ಏನಂತೀರಿ ನೀವು?"

ಕೊನೆಗೆ, ಕೇಳಬಾರದಿತ್ತೇನೋ, ಆದರೆ ನನ್ನ ಅನುಮಾನದ ಸ್ವಭಾವ ಬಿಡಲಿಲ್ಲ: "ಅಲ್ಲಿ ಹೋಗಿ ಕೂತು ಕಾಯ್ತಿ. ಅವ ಬರದಿದ್ರ?"

ಅವಳು ಉಣ್ಣೆಯ ಎಳೆಯೊಂದನ್ನು ಬೆರಳಿಗೆ ಸುತ್ತಿದಳು. "ಆವಾಗ ಖರೇನೇ ಸತ್ತಂಗ್ರಿ," ಎಂದಳು. "ಇವತ್ತು ಅಳೂದು ಆವಾಗ ಅಳ್ತೇನಿ."

ಮಾಸ್ತರರಿಗೆ ಪ್ರತಿ ಮಾತನ್ನೂ ಹಾಗೆಯೇ ಒಪ್ಪಿಸಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. "ಈ ಊರಾಗ ನಾವು ತಗೊಂಡ ಹೇಳಿಕಿಯೊಳಗ ಇದೊಂದು ಬರದು ಇಡುವಂಥದ್ದು. ಇದನ್ನೇ ಬರೀಬಾರದು" ಎಂದರು.

ಮರುದಿನ ಚಾವಡಿಯಲ್ಲಿ ಪಂಚರು ಕೂತರು. ಜಮಾದಾರ ಕಂಬಕ್ಕೆ ಒರಗಿ ನಿಂತಿದ್ದ. ಮಾಸ್ತರರು ಮೂರು ಹೇಳಿಕೆಗಳನ್ನೂ, ಹಳೆಯ ಕಂಬಳಿಯ ಪರೀಕ್ಷೆಯನ್ನೂ, ಬೂದಿಯ ಮೇಲೆ ಮನುಷ್ಯನ ಹೆಜ್ಜೆ ಇರಲಿಲ್ಲ ಎಂಬುದನ್ನೂ ಓದಿದರು. ಕೊನೆಯ ಸಾಲು: "ಕಂಡ ಈ ರೂಪ ಜೀವಂತ ಮನುಷ್ಯನದಲ್ಲ. ನನ್ನ ಇಷ್ಟು ದಿನದ ಕೆಲಸದಲ್ಲಿ ಇಂಥದ್ದು ಇದೇ ಮೊದಲು." ಓದುವಾಗ ದನಿ ಒಂದಿಷ್ಟೂ ನಡುಗಲಿಲ್ಲ. ಮುಂದೆ ಅವರ ಪುಸ್ತಕ ಬಂದಾಗ ‘ಉಳಿದದ್ದು’ ಎಂಬ ಭಾಗದಲ್ಲಿ ಇದ್ದದ್ದು ಈ ಒಂದೇ ಪ್ರಕರಣ. ಓದಿದವರು ಹುಡುಕಿಕೊಂಡು ಬಂದು ಅದನ್ನೇ ಕೇಳುತ್ತಿದ್ದರು, ಅವರು ಚಹಾ ತರಿಸಿ ಬೇರೆ ಮಾತು ತೆಗೆಯುತ್ತಿದ್ದರು.

"ನೀವು ಕಣ್ಣಿಲೆ ನೋಡೀರೇನು ಮಾಸ್ತರಸಾಬ್?" ಎಂದ ಜಮಾದಾರ.

"ಇಲ್ಲ. ನೋಡಿದವರು ಮೂರು ಮಂದಿ. ಬ್ಯಾರೆ ಬ್ಯಾರೆ ಕೂತು ಹೇಳ್ಯಾರ."

"ಹೌದ್ರಿ, ಭಾಳ ಛಲೋ ಹೇಳ್ಯಾರ." ಅವನು ಕಂಬ ಬಿಟ್ಟು ಪಂಚರ ಕಡೆ ನಡೆದು ಬಂದ. "ನನಗ ದೆವ್ವದ್ದು ತಿಳಿಯೂದಿಲ್ಲ. ಹೆಂಗಸರದು ತಿಳೀತದ. ಗಂಡ ಬದುಕಿದ್ದಾಕಿ ಯಾರು ಬಡದರೂ ಬಳಿ ಒಡಿಸಿಕೊಳ್ಳೂದಿಲ್ಲ. ಒಡೀರಿ, ನಾ ನೋಡ್ತೇನಿ. ನೋಡಿ ಬರಕೊಂಡು ಹೋಗ್ತೇನಿ."

ಪಂಚರು ತಲೆ ತಗ್ಗಿಸಿದರು. ಮಾಸ್ತರರು ನನ್ನ ಕಡೆ ನೋಡಿದರು. ನನಗೆ ಆ ಮನುಷ್ಯನ ಜಾಣತನ ಕಂಡು ಹೆದರಿಕೆಯಾಯಿತು.

ಅಂಗಳದ ನಡುವೆ ಅವಳನ್ನು ಕೂಡಿಸಿದರು. ಸುತ್ತ ಊರಿನ ಹೆಂಗಸರು, ಅವರ ನಡುವೆ ನಾನು. ಗಂಡಸರಿಗೆ ಅಲ್ಲಿ ಕೆಲಸವಿಲ್ಲ, ಆದರೂ ಜಮಾದಾರ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತ. ಕಲ್ಲು ಹಿಡಿದವಳು ಪಕ್ಕದ ಮನೆಯ ಮುದುಕಿ, ನನಗೆ ಪುಂಡಿಪಲ್ಯದ ಹೇಳಿಕೆ ಕೊಟ್ಟವಳು. ಅವಳು ಕರೆಯುವ ಮುಂಚೆಯೇ ಹೆಂಡತಿ ಎರಡೂ ಕೈ ಚಾಚಿದಳು.

ಕಲ್ಲು ಬಿತ್ತು. ಹಸಿರು ಚೂರುಗಳು ನೆಲದ ಮೇಲೆ ಚೆಲ್ಲಿದವು. ಮಣಿಕಟ್ಟಿನ ಹತ್ತಿರ ಒಂದು ಗೆರೆ ರಕ್ತ. ಅವಳು ಅಳಲಿಲ್ಲ. ಅಳು ಬರುತ್ತಿರಲಿಲ್ಲ, ಕಣ್ಣು ಒಣಗಿದ್ದವು, ಕೈಯನ್ನು ಯಾರದೋ ಕೈಯೆಂಬಂತೆ ನೋಡುತ್ತಿದ್ದಳು. ಹೆಂಗಸರೂ ಸುಮ್ಮನಿದ್ದರು, ಆಕೆ ದನಿ ಎತ್ತದೆ ಉಳಿದವರು ಎತ್ತುವ ರೂಢಿಯಿಲ್ಲ. ಬಾಗಿಲಲ್ಲಿ ಜಮಾದಾರ ನಿಂತ ಕಾಲು ಬದಲಿಸಿದ.

ಮುದುಕಿ ಎರಡನೆಯ ಕೈಯ ಮೇಲೆ ಬಾಗಿದಳು. ತುಟಿ ಅಲುಗಿದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕಂಡಿತು.

"ಅಳು ಬೇ ಯವ್ವಾ. ಬಾಗಿಲದಾಗಿನವ ಇನ್ನೂ ಹೋಗಿಲ್ಲ."

ಅವಳು ತಲೆ ಅಲ್ಲಾಡಿಸಿದಳು, ಆಗುವುದಿಲ್ಲ ಎಂಬಂತೆ. ಮುದುಕಿ ಕಲ್ಲು ಎತ್ತಿ ಹಿಡಿದು ತಡೆದಳು, ಕಣ್ಣು ತಿರುಗಿಸಿ ನನ್ನನ್ನು ನೋಡಿದಳು.

ನಾನು ಆ ಊರಿನವಳಲ್ಲ, ಆ ಮನೆಯವಳಲ್ಲ. ಹೇಳಿಕೆ ಬರೆದುಕೊಳ್ಳಲು ಬಂದವಳು. ಎದೆಗೆ ಕೈ ಹಾಕಿಕೊಂಡು, "ಹೋದೆಲ್ಲೋ ನನ್ನಪ್ಪಾ" ಎಂದು ದನಿ ಎತ್ತಿದೆ. ಮುದುಕಿ ಹಿಂದೆಯೇ ಹಿಡಿದಳು, ಸೊಸೆ ಹಿಡಿದಳು, ಅಂಗಳವೆಲ್ಲ ಹಿಡಿಯಿತು. ಆ ಗದ್ದಲದೊಳಗೆ ಎಲ್ಲಿಂದಲೋ ಅವಳಿಗೂ ಅಳು ಬಂತು. ಬಂದದ್ದು ನಿಲ್ಲಲಿಲ್ಲ. ಜಮಾದಾರ ಟೋಪಿ ತೆಗೆದು ಕೈಯಲ್ಲಿ ಹಿಡಿದು ತಿರುಗಿದ ಮೇಲೂ, ಅವನ ಬೂಟಿನ ಸಪ್ಪಳ ಚಾವಡಿ ದಾಟಿದ ಮೇಲೂ, ನಾವು ಯಾರೂ ಅವಳನ್ನು ಸುಮ್ಮನಾಗು ಎನ್ನಲಿಲ್ಲ.